ಯಾರಿಗೂ ಗೊತ್ತಾಗದ ಲಿವರ್

ಮರ ಬಿದ್ದದ್ದು ನಿಂತಿದ್ದ ಕಾರಿನ ಮೇಲೆ. ಈ ಮಾತನ್ನು ಆ ವಾರ ಎಷ್ಟು ಜನರ ಮುಂದೆ ಹೇಳಿದೆನೋ ನನಗೇ ನೆನಪಿಲ್ಲ. ಹೇಳಿದಷ್ಟೂ ಸಿಟ್ಟು ಹೆಚ್ಚುತ್ತಿತ್ತು. ಎಂಜಿನ್ ಆಫಾಗಿತ್ತು, ಬಾಗಿಲು ಲಾಕಾಗಿತ್ತು. ಅಕ್ಕ ಎದುರಿನ ಮನೆಯೊಳಗೆ ಕೂತು, ಇನ್ನೂ ಮಾತು ಬಾರದ ಮಗುವಿನ ಬಾಯಲ್ಲಿ ‘ಪ’ ಹೊರಡಿಸಲು ಹೆಣಗುತ್ತಿದ್ದಳು. ಹೊರಗೆ ಜೋರು ಗಾಳಿ ಬಂತು, ರಸ್ತೆ ಬದಿಯ ಹಳೇ ಮರ ಬುಡಸಮೇತ ಉರುಳಿ ಬಾನೆಟ್ಟು, ಗಾಜು, ಡ್ಯಾಶ್‌ಬೋರ್ಡು ಎಲ್ಲವನ್ನೂ ಜಜ್ಜಿ ಹಾಕಿತು. ಇದರಲ್ಲಿ ಅಕ್ಕನ ತಪ್ಪೇನಿದೆ? ವಿಮಾ ಕಂಪನಿಯ ಪತ್ರದ ಪ್ರಕಾರ ಇದೆ. ‘ವಾಹನದಲ್ಲಿ ಮಾಡಿಸಿದ ಮಾರ್ಪಾಡನ್ನು ತಿಳಿಸದೆ ಮುಚ್ಚಿಟ್ಟಿರುವುದರಿಂದ ಪರಿಹಾರ ನೀಡಲಾಗುವುದಿಲ್ಲ.’ ಒಂದೇ ಸಾಲು, ಕೆಳಗೊಂದು ಸಹಿ.

ಅಕ್ಕನ ಎರಡೂ ಕಾಲಿನಲ್ಲಿ ಬಲವಿಲ್ಲ. ಎಂಟು ವರ್ಷದ ಹಿಂದೆ ಬೆನ್ನುಹುರಿಗೆ ಬಂದ ಕಾಯಿಲೆ ಅವಳನ್ನು ಉಳಿಸಿ ಕಾಲುಗಳನ್ನು ಕಿತ್ತುಕೊಂಡಿತು. ಎರಡು ಊರುಗೋಲು ಊರಿಕೊಂಡು ಮನೆಯೊಳಗೆ ಓಡಾಡುತ್ತಾಳೆ, ಬಸ್ಸಿನ ಮೆಟ್ಟಿಲು ಮಾತ್ರ ಹತ್ತಲಾರಳು. ಮಾತು ತಡವಾದ ಮಕ್ಕಳಿಗೆ ಅವರವರ ಮನೆಗೇ ಹೋಗಿ ಮಾತು ಕಲಿಸುವುದು ಅವಳ ಕೆಲಸ. ದಿನಕ್ಕೆ ಐದು ಮನೆ. ಕಾರಿಲ್ಲದಿದ್ದರೆ ಒಂದೂ ಇಲ್ಲ. ಮರ ಬಿದ್ದ ಮೇಲೆ ಹನ್ನೊಂದು ದಿನ ಅವಳು ಕಿಟಕಿ ಪಕ್ಕ ಕೂತು ಫೋನಿನಲ್ಲಿ ತಾಯಂದಿರಿಗೆ ‘ನಾಳೆ ನೋಡೋಣ’ ಎನ್ನುತ್ತಿದ್ದಳು. ಹೊಸ ಕಾರು ಕೊಳ್ಳುವ ಶಕ್ತಿ ಅವಳಿಗೂ ಇಲ್ಲ, ನನಗೂ ಇಲ್ಲ. ವಿಮೆ ಬಂದರೆ ಅಕ್ಕ ಹೊರಗೆ ಹೋಗುತ್ತಾಳೆ, ಬರದಿದ್ದರೆ ಮನೆಯಲ್ಲೇ ಕೂರುತ್ತಾಳೆ. ವಿಷಯ ಇಷ್ಟೇ.

ಆ ಮಾರ್ಪಾಡು ನನ್ನ ಕೈಕೆಲಸ. ಇಪ್ಪತ್ತೆಂಟು ವರ್ಷದಿಂದ ಕಾರು ಮೆಕ್ಯಾನಿಕ್ ನಾನು. ಕಾಲಿನ ಬದಲು ಕೈಯಿಂದ ಓಡಿಸುವಂತೆ ಸ್ಟಿಯರಿಂಗ್ ಪಕ್ಕ ಒಂದು ಲಿವರ್ ಕೂರಿಸಿದೆ. ತನ್ನ ಕಡೆ ಎಳೆದರೆ ವೇಗ, ಮುಂದಕ್ಕೆ ತಳ್ಳಿದರೆ ಬ್ರೇಕು. ಒಳಗೆ ಒಂದು ಸರಳು ಹೋಗಿ ಬ್ರೇಕ್ ಪೆಡಲನ್ನು ಒತ್ತುತ್ತದೆ. ಬೇರೆ ಗ್ಯಾರೇಜಿನವರು ಮಾಡಿದರೆ ಸರಳು, ನಟ್ಟು, ಬೋಲ್ಟು ಎಲ್ಲ ಹೊರಗೇ ನೇತಾಡುತ್ತಿರುತ್ತವೆ. ನಾನು ಹಾಗೆ ಮಾಡುವವನಲ್ಲ. ಡ್ಯಾಶ್‌ಬೋರ್ಡಿನ ಬಣ್ಣದ್ದೇ ಕವಚ ಮಾಡಿ, ಅಂಚು ಉಜ್ಜಿ, ಕಾರ್ಖಾನೆಯಿಂದಲೇ ಹಾಗೆ ಬಂದಿತ್ತೇನೋ ಎನ್ನುವಂತೆ ಮುಚ್ಚುತ್ತೇನೆ. ಕೆಲಸ ಮಾಡಿದ್ದು ಯಾರಿಗೂ ಗೊತ್ತಾಗಬಾರದು, ಅದೇ ನನ್ನ ಜಂಬ. ಗಿರಾಕಿಗಳು ನನ್ನನ್ನು ಕರೆಯುವುದೇ ‘ಗೊತ್ತಾಗದಣ್ಣ’ ಎಂದು.

ವಿಮೆ ನವೀಕರಿಸುವ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ, ವಾಹನದಲ್ಲಿ ಏನಾದರೂ ಬದಲಾವಣೆ ಮಾಡಿಸಿದ್ದೀರಾ ಎಂದು. ಮೂರು ವರ್ಷದ ಹಿಂದೆ ಅಲ್ಲಿಗೆ ಬಂದು ಅಕ್ಕನ ಪೆನ್ನು ನಿಂತಿತ್ತು. ಇದನ್ನು ಬರೆಯಬೇಕಲ್ಲವೇ ಎಂದು ಕೇಳಿದಳು. ಬರೆದರೆ ಯಾರನ್ನೋ ತಪಾಸಣೆಗೆ ಕಳಿಸುತ್ತಾರೆ, ಅವನು ಬಂದು ನನ್ನ ಕವಚ ಬಿಚ್ಚಿ ಗೀರು ಬೀಳಿಸುತ್ತಾನೆ, ಆಮೇಲೆ ನನ್ನ ಕೆಲಸಕ್ಕೆ ಅವನು ಸರ್ಟಿಫಿಕೇಟ್ ಕೊಡಬೇಕಂತೆ ಎಂದು ಮೂಗು ಮುರಿದೆ. ಪೆನ್ನು ಕಸಿದುಕೊಂಡು ‘ಇಲ್ಲ’ ಎನ್ನುವುದರ ಮುಂದೆ ನಾನೇ ಗುರುತು ಹಾಕಿದೆ. ಅಕ್ಕ ಸಹಿ ಹಾಕಿದಳು. ಮುಂದಿನ ವರ್ಷಗಳಲ್ಲೂ ಅದೇ ‘ಇಲ್ಲ’ ಮುಂದುವರಿಯಿತು.

ಹನ್ನೆರಡನೆಯ ದಿನ ಬೆಳಗ್ಗೆ ಅಕ್ಕನನ್ನು ಕರೆದುಕೊಂಡು ಕಂಪನಿಯ ಕಚೇರಿಗೆ ಹೋದೆ. ಗಾಜಿನ ಬಾಗಿಲು, ಟೋಕನ್ ಕೊಡುವ ಯಂತ್ರ, ಒಂದಕ್ಕೊಂದು ಅಂಟಿಸಿಟ್ಟ ಉಕ್ಕಿನ ಕುರ್ಚಿಗಳು. ಅಕ್ಕನನ್ನು ಅಲ್ಲಿ ಕೂರಿಸಿ, ಟೋಕನ್ನಿಗೂ ಕಾಯದೆ ಪರಿಹಾರ ವಿಭಾಗದ ಕೋಣೆಗೆ ನುಗ್ಗಿದೆ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಅಧಿಕಾರಿ ಒಬ್ಬಳು ಕೂತಿದ್ದಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಪತ್ರವನ್ನು ಅವಳ ಮೇಜಿನ ಮೇಲೆ ಕುಕ್ಕಿ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮರಕ್ಕೆ ನಮ್ಮ ಲಿವರ್ ಕಂಡು ಸಿಟ್ಟು ಬಂದು ಬಿತ್ತೇನು ಎಂದೆ. ಕಾಲಿಲ್ಲದವಳ ಹೊಟ್ಟೆಯ ಮೇಲೆ ಹೊಡೆಯಲು ನಾಚಿಕೆಯಾಗುವುದಿಲ್ಲವೇ ಎಂದೆ. ಪಕ್ಕದ ಕೋಣೆಯವರು ಇಣುಕಿ ನೋಡಿದರು.

“ಕೂಗ್ಬೇಡಿ,” ಅಂದಳು. “ನೀವು ಕೂಗಿದ್ರೆ ಪತ್ರ ಬದಲಾಗಲ್ಲ.”

ಅವಳಿಗೂ ಸಿಟ್ಟು ಬಂದಿತ್ತು, ಆದರೆ ಅದನ್ನು ನುಂಗಿಕೊಂಡು ವಿವರಿಸಿದಳು. ಕಾಲಿಗೆ ಬಲವಿಲ್ಲದವರು ಕೈ ಲಿವರ್ ಹಾಕಿಸಿಕೊಂಡರೆ ಅವರ ಕಂಪನಿ ಒಂದು ಬಿಡಿಗಾಸೂ ಹೆಚ್ಚು ಕೇಳುವುದಿಲ್ಲ. ಅರ್ಜಿಯಲ್ಲಿ ‘ಹೌದು’ ಎಂದು ಬರೆಯಬೇಕು, ಅಷ್ಟೆ. ವರ್ಷಕ್ಕೊಮ್ಮೆ ತಪಾಸಕ ಬಂದು ಬಿಚ್ಚಿ ನೋಡಿ ಒಂದು ಕಾಗದ ಕೊಡುತ್ತಾನೆ. ಹೀಗೆ ಬರೆದವರಿಗೆ ಮರ ಬಿದ್ದರೂ ಪರಿಹಾರ ಬರುತ್ತದೆ, ಲಾರಿ ಗುದ್ದಿದರೂ ಬರುತ್ತದೆ. ಬರೀ ಹೇಳದೇ ಇದ್ದದ್ದಾಗಿದ್ದರೆ ಬೇರೆ ಮಾತು, ಇಲ್ಲಿ ಅದಕ್ಕಿಂತ ಹೆಚ್ಚಿನದು ನಡೆದಿದೆ ಎಂದಳು.

“ಇಷ್ಟು ಅಚ್ಚುಕಟ್ಟಾಗಿ ಮುಚ್ಚಿದಾರೆ ಅಂದ್ರೆ ಬೇಕಂತ್ಲೇ ಮುಚ್ಚಿಟ್ಟಿದಾರೆ ಅಂತ ತಾನೇ? ಕಾರು ನೋಡ್ಕೊಂಡು ಬಂದ ನಮ್ಮ ಸರ್ವೇಯರ್ ಹಾಗೇ ಬರೆದಿದಾರೆ.”

ಮೈಯೆಲ್ಲ ಹೊತ್ತಿಕೊಂಡಿತು. ಇಪ್ಪತ್ತೆಂಟು ವರ್ಷದ ನನ್ನ ಕಸುಬಿಗೆ ಇವಳು ಕಳ್ಳತನ ಎಂಬ ಹೆಸರಿಟ್ಟಿದ್ದಳು. ಕೆಟ್ಟದಾಗಿ ಮಾಡಿದ್ದರೆ ಪ್ರಾಮಾಣಿಕ, ಚೆನ್ನಾಗಿ ಮಾಡಿದರೆ ಮೋಸಗಾರ. ಮುಚ್ಚಿಟ್ಟದ್ದು ಎಲ್ಲಿದೆ ತೋರಿಸಿ, ಇಲ್ಲದಿದ್ದರೆ ಈ ಕೋಣೆ ಬಿಟ್ಟು ಕದಲುವವನಲ್ಲ ಎಂದು ಪಟ್ಟು ಹಿಡಿದೆ. ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಸರ್ವೇಯರ್ ತೆಗೆದ ಫೋಟೋಗಳು. ಮರ ಬಿದ್ದ ರಭಸಕ್ಕೆ ನನ್ನ ಕವಚ ಎರಡು ಹೋಳಾಗಿ ಒಳಗಿನದೆಲ್ಲ ಹೊರಗೆ ಬಂದಿತ್ತು. ನಾಲ್ಕನೆಯ ಫೋಟೋದಲ್ಲಿ ಲಿವರಿನ ಸುತ್ತ ಕೆಂಪು ವೃತ್ತ ಎಳೆದಿದ್ದರು. ಅಧಿಕಾರಿ ಬೆರಳಿಟ್ಟು ವೃತ್ತ ತೋರಿಸಿದಳು. ನನ್ನ ಕಣ್ಣು ಹೋದದ್ದು ಅದರ ಕೆಳಗೆ, ಲಿವರ್ ಮತ್ತು ಬ್ರೇಕಿನ ಸರಳು ಸೇರುವ ಪಿನ್ನಿಗೆ. ಹಾಕುವಾಗ ಅದು ಕಿರುಬೆರಳಿನಷ್ಟು ದಪ್ಪಗಿತ್ತು. ಫೋಟೋದಲ್ಲಿ ಅದರ ನಡುಭಾಗ ಸವೆದು ಬೆಂಕಿಕಡ್ಡಿಯಷ್ಟಾಗಿತ್ತು.

ಮರ ಬಿದ್ದು ಆದದ್ದಲ್ಲ ಅದು. ಮರ ಬಿದ್ದರೆ ಬಾಗುತ್ತದೆ, ಮುರಿಯುತ್ತದೆ, ಹೀಗೆ ನುಣ್ಣಗೆ ಸವೆಯುವುದಿಲ್ಲ. ಅಂಥ ಪಿನ್ನಿನ ಸುತ್ತ ಬಳೆಯಂಥ ಹಿತ್ತಾಳೆಯ ಬುಶ್ ಇರಬೇಕು, ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ. ನಾನು ಹಾಕಿರಲಿಲ್ಲ. ಹಾಕಿದ್ದರೆ ಕವಚ ಅರ್ಧ ಬೆರಳು ಉಬ್ಬುತ್ತಿತ್ತು, ನೋಡಿದವರಿಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಆ ಕವಚವನ್ನು ಮೂರು ವರ್ಷ ಒಮ್ಮೆಯೂ ಬಿಚ್ಚಿರಲಿಲ್ಲ. ಎರಡು ತಿಂಗಳ ಹಿಂದೆ, ಬ್ರೇಕ್ ತಳ್ಳುವಾಗ ಲಿವರ್ ಸ್ವಲ್ಪ ಸಡಿಲ ಅನ್ನಿಸುತ್ತದೆ ಎಂದು ಅಕ್ಕ ಹೇಳಿದ್ದಳು. ಸಡಿಲ ಆಗಿರೋದು ಲಿವರಲ್ಲ, ನಿನ್ನ ಕೈ ಎಂದು ನಾನು ನಕ್ಕಿದ್ದೆ.

ಆ ಕೋಣೆಯಲ್ಲಿ ಆ ಪಿನ್ನು ಕಂಡದ್ದು ನನಗೊಬ್ಬನಿಗೆ. ಅಧಿಕಾರಿಗೆ ಕೆಂಪು ವೃತ್ತವಷ್ಟೇ ಕಾಣುತ್ತಿತ್ತು. ನಾನು ಬಾಯಿ ಮುಚ್ಚಿದ್ದನ್ನು ಕಂಡು ಅವಳು ತುಸು ಮೆತ್ತಗಾದಳು. ಮರ ಬಿದ್ದುದಕ್ಕೂ ಲಿವರಿಗೂ ಸಂಬಂಧವಿಲ್ಲ ಎಂದು ಮೇಲ್ಮನವಿ ಹಾಕಿಕೊಳ್ಳಿ, ಲಿವರ್ ಮಾಡಿದವರೇ ಅದು ಸುರಕ್ಷಿತವಾಗಿತ್ತು ಎಂದು ಬರೆದು ಸಹಿ ಹಾಕಿದರೆ ಅರ್ಧದಷ್ಟಾದರೂ ಸಿಗಬಹುದು ಎಂದು ಒಂದು ನಮೂನೆ ಕೊಟ್ಟಳು. ಅದನ್ನು ಹಿಡಿದು ಹೊರಗೆ ಬಂದೆ.

ಅಕ್ಕ ಊರುಗೋಲುಗಳನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ನನ್ನ ಕೂಗಾಟವೆಲ್ಲ ಕೇಳಿಸಿತ್ತು. ನಮೂನೆಯನ್ನು ಓದಿದಳು. ಹನ್ನೆರಡು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ಜೀವ ಬಂತು. ಸುರಕ್ಷಿತವಾಗಿತ್ತು ಅಂತ ಬರೆಯುವುದಕ್ಕೆ ನಿನಗಿಂತ ಇನ್ಯಾರು ಬೇಕು, ಬೇಗ ಬರೆದುಕೊಡು, ಇವತ್ತೇ ಕೊಟ್ಟು ಹೋಗೋಣ ಎಂದು ಚೀಲದಿಂದ ಪೆನ್ನು ತೆಗೆದು ಚಾಚಿದಳು. ಬರೆದುಬಿಡಬಹುದಿತ್ತು. ಒಂದು ಸಾಲು, ಒಂದು ಸಹಿ. ಅಕ್ಕನಿಗೆ ಕಾರು ಬರುತ್ತಿತ್ತು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತು, ಪಿನ್ನು ಸವೆದದ್ದು, ಬುಶ್ ಹಾಕದೇ ಇದ್ದದ್ದು, ಯಾಕೆ ಹಾಕಲಿಲ್ಲ ಎಂಬುದು, ಒಂದೂ ಬಿಡದೆ ಹೇಳಿದೆ.

“ಇನ್ನೆಷ್ಟು ದಿನ ತಡೀತಿತ್ತು?” ಎಂದು ಅಕ್ಕ ಕೇಳಿದಳು.

“ಒಂದು ವಾರ. ಹೆಚ್ಚಂದ್ರೆ ಎರಡು.”

ಅವಳ ಮುಖ ಕೆಂಪಾಯಿತು. ಚಿಕ್ಕಂದಿನಿಂದ ನೋಡಿದ್ದೇನೆ, ಅಕ್ಕನಿಗೆ ನಿಜವಾಗಿ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

“ಸಡಿಲ ಅಂತ ನಾನು ಹೇಳಿದ್ದೆ. ನೀನು ನಕ್ಕೆ. ಮರ ಬೀಳೋ ಹಿಂದಿನ ದಿನ ಆ ಮಗೂನ ಅದರಮ್ಮನ ಜೊತೆ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಬಿಟ್ಟು ಬಂದೆ ಕಣೋ. ಇಳಿಜಾರು ರಸ್ತೆ.”

ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನಮೂನೆಯನ್ನು ನಾಲ್ಕಾಗಿ ಹರಿದು ನನ್ನ ಅಂಗಿಯ ಜೇಬಿಗೆ ತುರುಕಿದಳು. ಅವಳ ಕಾರೂ ಆ ಚೂರುಗಳ ಜೊತೆ ಹೋಯಿತು. ಕಂಪನಿಯ ಮೇಲೆ ಹಾರಾಡಿದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತ್ತು, ನನಗೆ ನನ್ನ ಈ ಎರಡು ಕೈಗಳ ಮೇಲೇ ಅಸಹ್ಯ ಬಂತು.

“ಇಂಥದ್ದು ಇನ್ನೆಷ್ಟು ಜನಕ್ಕೆ ಮಾಡ್ಕೊಟ್ಟಿದ್ದೀಯ?”

ಬೆರಳು ಮಡಚಿ ಎಣಿಸಿದೆ. ಮೂವರಿಗೆ. ಅದೇ ಕವಚ, ಅದೇ ಪಿನ್ನು, ಯಾವುದಕ್ಕೂ ಬುಶ್ ಇಲ್ಲ.

“ಫೋನ್ ಮಾಡು,” ಅಂದಳು.

ಮೂವರಲ್ಲಿ ಮೊದಲು ಗಡಿಯಾರ ರಿಪೇರಿಯವರಿಗೆ ಮಾಡಿದೆ. ಕಾರು ತೆಗೆಯಬೇಡಿ, ನಾನೇ ಬಂದು ಬಿಚ್ಚಿ ನೋಡುವವರೆಗೆ ಕೀಲಿಯನ್ನೇ ಮುಟ್ಟಬೇಡಿ ಎಂದೆ. ಅವರು ನಕ್ಕು, ಏನೂ ತೊಂದರೆ ಇಲ್ಲವಲ್ಲ ಗೊತ್ತಾಗದಣ್ಣ ಎಂದರು. ಕಚೇರಿಯೆಲ್ಲ ತಿರುಗಿ ನೋಡುವಂತೆ ಕಿರುಚಿದ ಮೇಲೆ ಒಪ್ಪಿಕೊಂಡರು. ಎರಡನೆಯವರು ಗ್ರಂಥಪಾಲಕರು, ಮನೆಯಲ್ಲೇ ಇದ್ದರು, ಸರಿ ಎಂದರು. ಮೂರನೆಯವರು ಸಂಗೀತದ ಟೀಚರು. ರಿಂಗ್ ಆಯಿತು, ಆಯಿತು, ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ.

ಗಾಡಿಯಲ್ಲಿದ್ದರೆ ಎತ್ತುವುದೂ ಇಲ್ಲ. ಲಿವರ್ ಹಾಕಿಕೊಟ್ಟ ದಿನ ನಾನೇ ತಾಕೀತು ಮಾಡಿದ್ದೆ, ಇನ್ನು ನಿಮ್ಮ ಎರಡೂ ಕೈಗೆ ಕೆಲಸವಿದೆ, ಗಾಡಿ ಓಡಿಸುವಾಗ ಏನೇ ಆದರೂ ಫೋನ್ ಎತ್ತಬೇಡಿ ಎಂದು.

“ಮತ್ತೆ ಮಾಡು,” ಎಂದಳು ಅಕ್ಕ. ನಾನು ಮಾಡುತ್ತಲೇ ಇದ್ದೆ.