ಬಿಸಿಲಲ್ಲಿ ಕಾಣುವ ಪರದೆ

"ಇಲ್ರಿ ಅಕ್ಕಾರ, ಕಾಣವಲ್ದು," ಎಂದರು ಪಂಢರಿನಾಥರಾಯರು.

ತಾರಸಿಯ ಮೇಲೆ ಮಟಮಟ ಮಧ್ಯಾಹ್ನ. ಕಲಾವತಿ ಲ್ಯಾಪ್‌ಟಾಪನ್ನು ನೀರಿನ ತೊಟ್ಟಿಯ ಮುಚ್ಚಳದ ಮೇಲೆ, ಬಿಸಿಲು ನೇರ ಬೀಳುವ ಹಾಗೆ ಇಟ್ಟಿದ್ದಳು. ಪರದೆಯ ಮೇಲೆ ಅವಳೇ ಬರೆದಿಟ್ಟ ಅಂಕಿಗಳಿದ್ದವು. ಎರಡು ಮಾರು ದೂರದಿಂದಲೂ ಅವಳಿಗೆ ಅವು ನಿಚ್ಚಳವಾಗಿ ಕಾಣುತ್ತಿದ್ದವು.

"ಸೆರಿ ರಾಯರೇ, ಸ್ವಲ್ಪ ಬಗ್ಗಿಸಿ ನೋಡಿ. ಈಗ?"

ಅವರು ಪರದೆಯನ್ನು ಬಗ್ಗಿಸಿದರು, ಎತ್ತಿದರು, ತಾವೇ ಒಂದು ಹೆಜ್ಜೆ ಎಡಕ್ಕೆ ಸರಿದರು. "ಏನೋ ಬೆಳ್ಳಗ ಕಾಣ್ತದ. ಅಂಕಿ ತಿಳಿಯಂಗಿಲ್ಲ. ಇನ್ನೊಂಚೂರು ಬೆಳಕು ಕೊಡ್ಲಿಕ್ಕೆ ಬರ್ತದೇನು ನೋಡ್ರಿ."

ಇದು ಮೂರನೆಯ ಸಲ. ಮೊದಲು ಪರದೆಯ ಹಿಂದಿನ ಹಳೆಯ ದೀಪದ ಕೊಳವೆ ತೆಗೆದು ಹೆಚ್ಚು ಪ್ರಖರವಾದದ್ದನ್ನು ಹಾಕಿಕೊಟ್ಟಿದ್ದಳು. ಆಮೇಲೆ ಹೊಳೆಯುವ ಹಾಳೆ ಕಿತ್ತು, ಬೆಳಕು ಎರಚದ ಮಂಕು ಹಾಳೆ ಅಂಟಿಸಿದ್ದಳು. ಈಗ ಕಪ್ಪು ರೆಕ್ಸಿನ್ನಿನಿಂದ ಮೂರು ಕಡೆ ಮರೆಯಾಗುವ ಟೊಪ್ಪಿಗೆಯನ್ನೂ ಹೊಲಿಸಿದ್ದಾಳೆ. ಇಷ್ಟಾದ ಮೇಲೂ ಕಾಣುವುದಿಲ್ಲ ಅಂದರೆ ತಪ್ಪು ತನ್ನ ಕೈಯದೇ ಇರಬೇಕು ಎಂದು ಅವಳನ್ನು ಒಳಗೊಳಗೇ ಕುಟುಕುತ್ತಿತ್ತು.

ಮದರಾಸಿನ ರಿಚ್ಚಿ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯ ಒಂದು ಕೋಣೆ ಅವಳ ಅಂಗಡಿ. ಹೊರದೇಶದ ಪೊಲೀಸರೋ ವಿದ್ಯುತ್ ಕಂಪನಿಯವರೋ ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪುಗಳು ಮೂಟೆಯ ಲೆಕ್ಕದಲ್ಲಿ ಹಡಗಿನಲ್ಲಿ ಬರುತ್ತವೆ. ಬೀದಿಯವರು ಅದನ್ನು ಇರುಂಬು ಪೆಟ್ಟಿ ಅನ್ನುತ್ತಾರೆ. ಕಬ್ಬಿಣದ ಪೆಟ್ಟಿಗೆಯೇ, ಹಿಡಿಕೆ ಸಮೇತ. ಅದರಲ್ಲಿ ಯಾವುದು ಬದುಕಿದೆ, ಯಾವುದು ಬರೀ ಚಿಪ್ಪು ಎಂದು ಆರಿಸುವುದು ಕಲಾವತಿಯ ಕೆಲಸ. ಕೀಲಿಮಣೆ ಎತ್ತಿ ಕೆಳಗೆ ನೀರಿನ ಕಲೆ ಇದೆಯೋ ನೋಡಬೇಕು. ಬ್ಯಾಟರಿ ಉಬ್ಬಿದೆಯೋ ಬೆರಳಿನಲ್ಲಿ ಒತ್ತಿ ನೋಡಬೇಕು. ಒಂದರ ಪರದೆ, ಇನ್ನೊಂದರ ಕೀಲು, ಮತ್ತೊಂದರ ಸರ್ಕಿಟ್ ಹಲಗೆ ಸೇರಿಸಿ, ಸಂದುಗಳಿಗೆ ರಬ್ಬರು ತುಂಬಿ, ಬಯಲಿನಲ್ಲಿ ಕೆಲಸ ಮಾಡುವವರಿಗೆ ಮಾರುತ್ತಾಳೆ. ರಸ್ತೆ ಅಳೆಯುವವರು, ಬೋರು ಕೊರೆಯುವವರು, ಬಂದರಿನವರು.

ಪಂಢರಿನಾಥರಾಯರು ಸಮುದ್ರದ ಆಳ ಅಳೆಯುವವರು. ತಿರುವೊಟ್ಟಿಯೂರಿನ ಕಡೆ ಕಡಲು ದಂಡೆಯನ್ನು ತಿನ್ನುತ್ತಿತ್ತು. ಅಲ್ಲಿ ಕಲ್ಲು ಸುರಿಯುವ ಗುತ್ತಿಗೆದಾರರಿಗಾಗಿ ರಾಯರು ಸಣ್ಣ ದೋಣಿಯಲ್ಲಿ ಓಡಾಡಿ ತಳದ ಲೆಕ್ಕ ತೆಗೆಯುತ್ತಿದ್ದರು. ದೋಣಿಯ ಅಡಿಗೆ ಕಟ್ಟಿದ ಯಂತ್ರ ನೀರಿನೊಳಗೆ ಸದ್ದು ಬಿಟ್ಟು, ಅದು ತಿರುಗಿ ಬರುವ ಹೊತ್ತಿನಿಂದ ಆಳ ಗುರುತಿಸುತ್ತದೆ. ಅಂಕಿ ಲ್ಯಾಪ್‌ಟಾಪಿನ ಮೇಲೆ ಮೂಡುತ್ತದೆ. ಧಾರವಾಡದ ಕಡೆಯವರು, ಐವತ್ತೈದರ ಆಸುಪಾಸು, ಮೊದಲು ರೈಲ್ವೆಯಲ್ಲಿದ್ದವರು ಎಂಬುದಷ್ಟೇ ಕಲಾವತಿಗೆ ಗೊತ್ತಿತ್ತು. ಅವಳ ಮನೆಯವರು ಮೈಸೂರು ಬಿಟ್ಟು ಮದರಾಸಿಗೆ ಬಂದು ಎರಡು ತಲೆಮಾರಾಗಿತ್ತು. ಅಂಗಡಿಯಲ್ಲಿ ಕನ್ನಡ ಮಾತಾಡಲು ಸಿಗುತ್ತಿದ್ದ ಗಿರಾಕಿ ಇವರೊಬ್ಬರೇ. ಅದಕ್ಕೇ ಅವರಿಗೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

"ಒಂದು ಕೆಲ್ಸ ಮಾಡೋಣ. ನಾನೇ ದೋಣೀಲಿ ಬಂದು ನೋಡ್ತೀನಿ. ಅಲ್ಲಿ ಬೆಳಕು ಯಾವ ಪಕ್ಕದಿಂದ ಬೀಳತ್ತೋ ನೋಡದೆ ಇಲ್ಲಿ ಕೂತು ಏನ್ ಮಾಡಿದ್ರೂ ವೇಸ್ಟು."

ರಾಯರು ಕೂಡಲೇ ಒಪ್ಪಲಿಲ್ಲ. "ನಿಮಗ್ಯಾಕ ತ್ರಾಸು," ಎಂದರು. ಆಮೇಲೆ, "ಬರ್ರಿ," ಎಂದರು.

ಕಾಸಿಮೇಡಿನ ಮೀನುಬಂದರಿನಿಂದ ಹೊರಟ ದೋಣಿಯಲ್ಲಿ ಮೂವರೇ. ಹಿಂದೆ ಮೋಟಾರಿನ ಹಿಡಿ ಹಿಡಿದವನು ಬಾಬು, ಅಲ್ಲಿನ ಮೀನುಗಾರರ ಕುಪ್ಪದವನೇ. ನಡುವೆ ಹಲಗೆಯ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ರಾಯರು, ಪಕ್ಕದಲ್ಲಿ ಕಲಾವತಿ. ನೀರಿನ ಮೇಲಿನ ಬಿಸಿಲು ತಾರಸಿಯ ಬಿಸಿಲಿಗಿಂತ ಕೆಟ್ಟದು. ಮೇಲಿಂದಲೂ ಬೀಳುತ್ತದೆ, ಕೆಳಗಿನಿಂದಲೂ ಏಳುತ್ತದೆ. ಕಲಾವತಿ ಬಗ್ಗಿ ಟೊಪ್ಪಿಗೆಯೊಳಗೆ ನೋಡಿದಳು. ಅಂಕಿಗಳು ಸ್ಲೇಟಿನ ಮೇಲೆ ಬರೆದ ಹಾಗೆ ಕಾಣುತ್ತಿದ್ದವು.

ತನ್ನ ಕೆಲಸ ಸರಿಯಾಗಿದೆ. ಮೊದಲು ಅನ್ನಿಸಿದ್ದು ಅಷ್ಟೇ. ಎಷ್ಟೋ ದಿನದಿಂದ ಹೊತ್ತಿದ್ದ ಹೊರೆ ಇಳಿದ ಹಾಗಾಗಿ, ಅವಳು ಸಮುದ್ರ ನೋಡುತ್ತ ಹಾಯಾಗಿ ಕುಳಿತಳು.

"ಎವ್ವಳವು ಸಾರ್?" ಎಂದ ಬಾಬು ಹಿಂದಿನಿಂದ. ಎಷ್ಟು ಆಳ ಎಂದು ಅವನ ಪ್ರಶ್ನೆ.

"ನಾಲು," ಎಂದರು ರಾಯರು. ನಾಲ್ಕು ಮೀಟರು.

ಕಲಾವತಿ ಸುಮ್ಮನೆ ಪರದೆಯ ಕಡೆ ನೋಡಿದಳು. ನಾಲ್ಕೂ ಕಾಲು. ಸರಿಯೇ. ದೋಣಿ ಕಡಲಂಚಿಗೆ ಸುರಿದ ಕಲ್ಲಿನ ಗೋಡೆಯ ಉದ್ದಕ್ಕೂ ಸಾಗಿತು. ರಾಯರು ದಂಡೆಯ ಕಡೆ ಕೈ ತೋರಿಸಿ, ಕಾರ್ಖಾನೆಯ ಚಿಮಣಿಯೂ ಗುಡಿಯ ಗೋಪುರವೂ ಒಂದೇ ಗೆರೆಗೆ ಬಂದ ಮೇಲೆ ಎಡಕ್ಕೆ ತಿರುಗಬೇಕು ಎಂದು ಬಾಬುವಿಗೆ ತಮಿಳಿನಲ್ಲಿ ಹೇಳಿದರು. ಅವರ ಮಾತಿಗೆ ಸರಿಯಾಗಿ ಎರಡೂ ಒಂದರ ಹಿಂದೊಂದು ಬಂದು ನಿಂತವು. ದೋಣಿ ತಿರುಗಿತು.

"ಎವ್ವಳವು ಸಾರ್?"

"ನಾಲು."

ಪರದೆಯ ಮೇಲೆ ಎರಡೂ ಮುಕ್ಕಾಲು ಇತ್ತು. ಕಲಾವತಿ ರಾಯರ ಮುಖ ನೋಡಿದಳು. ಅವರು ಪರದೆಯ ಮುಂದೆಯೇ ಬಗ್ಗಿದ್ದರು. ಆದರೆ ಮುಖ ಓರೆಯಾಗಿತ್ತು. ಕೋಳಿ ಕಾಳು ನೋಡುವ ಹಾಗೆ, ಕಣ್ಣಿನ ತುದಿಯಿಂದ ಅಂಕಿಯನ್ನು ಹಿಡಿಯಲು ಹೆಣಗುತ್ತಿದ್ದರು. ತಾರಸಿಯ ಮೇಲೆ ಅವರು ಎಡಕ್ಕೆ ಸರಿದದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. ನಾಲ್ಕು ಎನ್ನುವುದು ಹೋದ ವರ್ಷದ ಆಳವಿರಬೇಕು. ಅವರು ನೆನಪಿನಿಂದ ಓದುತ್ತಿದ್ದರು.

ಅಂಕಿ ಇನ್ನೂ ಇಳಿಯಿತು. ಮಳೆಗಾಲದಲ್ಲಿ ಗೋಡೆಯಿಂದ ಜಾರಿದ ಕಲ್ಲುಗಳು ಅಡಿಯಲ್ಲಿ ಎಲ್ಲಿಯವರೆಗೆ ಉರುಳಿದ್ದವೋ.

"ಬಾಬು, ನಿರುತ್ತು," ಎಂದಳು ಕಲಾವತಿ. ನಿಲ್ಲಿಸು.

ಅವನು ಮೋಟಾರು ನಿಲ್ಲಿಸಿದ. ಆದರೂ ದೋಣಿ ತನ್ನ ಓಟದಲ್ಲಿ ಮುಂದಕ್ಕೆ ಹೋಗಿ, ಅಡಿಯಲ್ಲಿ ಏನನ್ನೋ ಉದ್ದಕ್ಕೆ ಕೆರೆದುಕೊಂಡು ನಿಂತಿತು. ಕಾಲಿನ ಕೆಳಗಿನ ಹಲಗೆ ನಡುಗಿತು. ಬಾಬು ಗಳ ಎತ್ತಿ ನೀರಿಗೆ ಊರಿ, ಮೈಭಾರವನ್ನೆಲ್ಲ ಹಾಕಿ ದೋಣಿಯನ್ನು ಹಿಂದಕ್ಕೆ ತಳ್ಳಿದ. ಆಮೇಲೆ ಹಲಗೆ ಸರಿಸಿ ನೋಡಿದ. ಒಂದು ಸಂದಿನಲ್ಲಿ ನೀರು ಜಿನುಗುತ್ತಿತ್ತು. ಚಿಂದಿ ತುರುಕಿ, ದೋಣಿಯನ್ನು ಕಾಸಿಮೇಡಿನ ಕಡೆ ತಿರುಗಿಸಿದ.

ದಡದಲ್ಲಿ ಎತ್ತಿ ನಿಲ್ಲಿಸಿದ ಒಂದು ದೊಡ್ಡ ದೋಣಿಯ ನೆರಳಲ್ಲಿ ಇಬ್ಬರೂ ನಿಂತರು. ಲ್ಯಾಪ್‌ಟಾಪು ಕಲಾವತಿಯ ಕೈಯಲ್ಲಿತ್ತು.

"ಪರದೆ ಸರಿಯಾಗೇ ಇದೆ ರಾಯರೇ."

"ಹೂಂ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರ್ಸದ ಇರ್ತೇನೇನ್ರಿ? ಕಣ್ಣಿನ ನಟ್ಟನಡುವಿನ ಜಾಗ ಸವದದಂತ. ಸುತ್ತಲಿಂದೆಲ್ಲಾ ಕಾಣ್ತದ, ನಡುವಿಂದು ಕಾಣಂಗಿಲ್ಲ. ಔಷಧ ಇಲ್ಲಂದ್ರು." ಅವರು ಚಪ್ಪಲಿಯಿಂದ ಮರಳು ಕೊಡವಿದರು. "ರೈಲ್ವೇದಾಗ ನಾ ಬ್ರಿಜ್ ನೋಡ್ಕೊಳ್ಳಾಂವ. ಒಂದು ವರ್ಷ ಕಣ್ಣಿನ ಪರೀಕ್ಷಾದಾಗ ಕೆಳಗಿನ ಸಾಲು ಓದ್ಲಿಕ್ಕಾಗ್ಲಿಲ್ಲ. ಮರುದಿನಾನ ಫೈಲ್ ಸೆಕ್ಷನ್‌ದಾಗ ಕುರ್ಚಿ ಹಾಕಿ ಕೂಡ್ಸಿದ್ರು. ಗ್ವಾಡಿ ನೋಡ್ಕೋತ ಎರಡು ವರ್ಷ ಕೂತೆ. ಆಗಲಿಲ್ರಿ. ಬಿಟ್ಟು ಬಂದೆ."

"ಆ ದೋಣೀಲಿ ಬಾಬು ಇದ್ದ. ನಾನೂ ಇದ್ದೆ."

"ಇನ್ನೂ ದೊಡ್ಡ ಪರದೆದು ಯಾವುದಾರ ಬಂದಿದ್ರ..."

"ಎಷ್ಟು ದೊಡ್ಡದಾದ್ರೂ ಅಷ್ಟೇ ಅಲ್ವಾ? ನಾನು ಇದನ್ನ ನಿಮ್ಮ ಕೈಗೆ ಕೊಡಲ್ಲ ರಾಯರೇ. ಓದೋಕ್ಕೆ ಇನ್ನೊಬ್ಬರನ್ನ ಕರ್ಕೊಂಡ್ ಬನ್ನಿ, ಕೊಡ್ತೀನಿ."

"ಆ ಬೀದ್ಯಾಗ ನೀವೊಬ್ರ ಅಂಗಡಿ ಇಟ್ಟಿಲ್ಲರಿ," ಎಂದು ರಾಯರು ಬಸ್ ಸ್ಟ್ಯಾಂಡಿನ ಕಡೆ ನಡೆದರು. ದಾರಿಯಲ್ಲಿ ಹರಡಿದ್ದ ಬಲೆಗಳನ್ನು ಅವರು ತುಳಿಯದೆ ದಾಟಿದರು. ಅಷ್ಟೆಲ್ಲ ಕಾಣುತ್ತದೆ, ಅಂಕಿಯೊಂದೇ ಕಾಣುವುದಿಲ್ಲ.

ಆ ವಾರವೆಲ್ಲ ಕಲಾವತಿಗೆ ಕೆಲಸ ಸಾಗಲಿಲ್ಲ. ಗುತ್ತಿಗೆದಾರರಿಗೆ ತಿಳಿಸಬೇಕೋ ಬೇಡವೋ. ತಿಳಿಸಿದರೆ ರಾಯರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ ಹಾಗೆ. ತಿಳಿಸದಿದ್ದರೆ ಬಾಬುವಿನ ದೋಣಿ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಂಕಿಗಳು ಕಂಡ ಕೂಡಲೇ ತನಗೆ ಆದ ಆ ಹಗುರ ಅವಳನ್ನು ಚುಚ್ಚುತ್ತಿತ್ತು. ಮನುಷ್ಯನ ಕಣ್ಣು ಹೋಗಿದೆ, ತಾನು ಪರದೆ ಚೆನ್ನಾಗಿದೆ ಎಂದು ಖುಷಿಪಟ್ಟಿದ್ದಳು.

ಕೊನೆಗೆ ರಾಯರು ಕೊಟ್ಟಿದ್ದ ಮನೆಯ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಅವರ ಹೆಂಡತಿ ತುಂಗಾ. ತಾನು ಯಾರೆಂದು ಹೇಳಿ, ದೋಣಿಯಲ್ಲಿ ಆದದ್ದನ್ನೂ ಹೇಳಿದಳು.

"ದೋಣಿ ತಾಗಿದ್ದು ಮನ್ಯಾಗ ಹೇಳಿಲ್ಲ ಅವರು," ಎಂದರು ತುಂಗಾ. "ಕಣ್ಣಿಂದು ನಂಗ ಗೊತ್ತದ. ಅಕ್ಕಿ ಆರ್ಸಿ ಕೊಡ್ತೇನಂತ ಕೂಡ್ತಾರ, ಹಳ್ಳು ಎಲ್ಲಾ ಹಂಗ ಉಳೀತಾವ. ಬಸ್ಸಿನ ನಂಬರು ಮಂದಿನ್ನ ಕೇಳ್ತಾರ. ಆದ್ರ ಸಮುದ್ರದಾಗ ಬಡೀಲಿಕ್ಕೆ ಏನದ, ಬರೇ ನೀರು ಅಂತ ತಿಳ್ದಿದ್ದೆ ನಾ."

"ನಾನು ಹೇಳಬಾರ್ದಿತ್ತೋ ಏನೋ."

"ಹೇಳಿದ್ದು ಛಲೋ ಆತು. ಇಡ್ತೇನಿ."

ಮುಂದಿನ ವಾರ ಒಂದು ಬೆಳಿಗ್ಗೆ ಗಂಡ ಹೆಂಡಿರಿಬ್ಬರೂ ಮೆಟ್ಟಿಲು ಹತ್ತಿ ಬಂದರು. ರಾಯರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಬೀದಿಯ ಕಡೆ ಮುಖ ಮಾಡಿದರು. ತುಂಗಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಮೇಜಿನ ಹತ್ತಿರ ಬಂದರು. ಕುಳ್ಳಗಿನ ಹೆಂಗಸು, ಕನ್ನಡಕದ ದಾರ ಕುತ್ತಿಗೆಯಲ್ಲಿ.

"ಕಂಟ್ರಾಕ್ಟರಿಗೆ ನಾನ ಹೋಗಿ ಹೇಳಿ ಬಂದೆ. ಈ ಕೆಲಸ ಮುಗಿಯೂತನಕ ಇರ್ಲಿ, ಓದ್ಲಿಕ್ಕೆ ಜೋಡಿ ಯಾರಾರ ಇರಬೇಕು ಅಂದ್ರು. ಮುಂದಿಂದು ಆಮ್ಯಾಲ ನೋಡೂಣು ಅಂದಾರ."

"ಯಾರು ಓದ್ತಾರೆ?"

"ನಾನ. ಇನ್ಶೂರೆನ್ಸ್ ಆಫೀಸಿನ್ಯಾಗ ಜನ್ಮಾ ಎಲ್ಲಾ ಟೈಪ್ ಮಾಡೇನಿ. ಅಂಕಿ ಓದೂದೇನು ದೊಡ್ಡದಲ್ಲ. ತೋರ್ಸ್ರಿ, ಯಾವ್ಯಾವ ಅವ."

ರಾಯರಿಗೆಂದು ಮಾಡಿದ್ದನ್ನು ಕಲಾವತಿ ಮುಂದಿಟ್ಟಳು. ತುಂಗಾ ಹಿಡಿಕೆ ಹಿಡಿದು ಎತ್ತಿ, ಹಾಗೇ ಇಳಿಸಿದರು. "ತುಂಬಿದ ಕೊಡದಷ್ಟು ವಜ್ಜಿ ಅದ." ಮತ್ತೊಂದರ ಕೀಲಿಗಳ ಮೇಲೆ ಹತ್ತೂ ಬೆರಳು ಇಟ್ಟು ಒಂದು ಸಾಲು ಹೊಡೆದರು. ರಬ್ಬರಿನ ಕೀಲಿಗಳು ತಡೆದು ತಡೆದು ಏಳುತ್ತಿದ್ದವು. ಅದನ್ನೂ ಸರಿಸಿದರು. ಕಪಾಟಿನ ಕೆಳಗಿನ ಸಾಲಿನಲ್ಲಿದ್ದ ಒಂದು ಚಿಕ್ಕದು ಅವರ ಕಣ್ಣಿಗೆ ಬಿತ್ತು. ಮೂಲೆ ನೆಗ್ಗಿತ್ತು, ಬಣ್ಣ ಎದ್ದಿತ್ತು. ತೊಡೆಯ ಮೇಲಿಟ್ಟುಕೊಂಡರೆ ಸರಿಯಾಗಿ ಕೂತಿತು.

"ಇದು."

"ಅದು ಬೇಡಮ್ಮಾ. ಆಳ ಅಳೆಯೋ ಯಂತ್ರದ ವಯರು ಸಿಕ್ಕಿಸೋ ಜಾಗ ಸಡ್ಲ ಆಗಿದೆ. ದೋಣಿ ಅಲುಗಾಡಿದ್ರೆ ಬಿಟ್ಟು ಹೋಗತ್ತೆ."

"ಬ್ಯಾರೇದ್ರಾಗಿಂದು ತೆಗದು ಇದಕ್ಕ ಹಚ್ಚಲಿಕ್ಕೆ ಬರಂಗಿಲ್ಲೇನು?"

ಕಲಾವತಿ ಆ ದೊಡ್ಡದನ್ನು ನೋಡಿದಳು. ಅಷ್ಟು ದಿನ ಕೂತು ಮಾಡಿದ್ದು. "ಬರತ್ತೆ," ಎಂದಳು.

ಅವಳು ತಿರುಪು ಬಿಚ್ಚಲು ಕುಳಿತಾಗ ರಾಯರು ಮೊದಲ ಸಲ ಮಾತಾಡಿದರು. ಹೆಂಡತಿಯ ಕಡೆ ತಿರುಗದೆಯೇ, "ನೀ ಬಸ್ಸಿನ್ಯಾಗ ಕೂತ್ರ ವಾಂತಿ ಮಾಡ್ಕೋತಿ," ಎಂದರು.

"ಮಾಡ್ಕೋತೇನಿ. ಬಾಯಿ ತೊಳ್ಕೊಂಡು ಓದ್ತೇನಿ."

ರಾಯರು ಎದ್ದು ಬಂದು, ಬಿಚ್ಚಿಟ್ಟ ಯಂತ್ರದ ಮೇಲೆ ಕೈಯಾಡಿಸಿ, ಅದರ ನೆಗ್ಗಿದ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದರು. "ಇಲ್ಲಿ ಒಂದು ರಬ್ಬರ್ ಪಟ್ಟಿ ಬಡೀರಿ ಅಕ್ಕಾರ. ಚೂಪ ಅದ, ಇಕೀ ಸೀರಿ ಹಿಡೀತದ."

ಅದನ್ನು ದೋಣಿಗೆ ಜೋಡಿಸಿಕೊಡಲು ಕಲಾವತಿ ಕಾಸಿಮೇಡಿಗೆ ಹೋದಾಗ ಮೀನಿನ ಹರಾಜು ಇನ್ನೂ ಮುಗಿದಿರಲಿಲ್ಲ. ಮಂಜುಗಡ್ಡೆಯ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಅವಳು ನೀರಿನ ಅಂಚಿಗೆ ಬಂದಳು. ಬಾಬು ದೋಣಿಯ ಅಡಿಗೆ ಹೊಸ ಹಲಗೆ ಹೊಡೆದಿದ್ದ. ವಯರು ಸಿಕ್ಕಿಸಿ, ಎಳೆದು ನೋಡಿ, ಟೊಪ್ಪಿಗೆಯನ್ನು ತುಂಗಾರ ಕಣ್ಣಿನ ಮಟ್ಟಕ್ಕೆ ತಗ್ಗಿಸಿ ಕಟ್ಟಿ ಅವಳು ಇಳಿದಳು. ತುಂಗಾ ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತಿದ್ದರು.

ಮೋಟಾರು ಶುರುವಾಯಿತು. ರಾಯರು ಮುಂದಕ್ಕೆ ಹೋಗಿ, ಪರದೆಗೆ ಬೆನ್ನು ಮಾಡಿ, ದಂಡೆಯ ಕಡೆ ನೋಡುತ್ತ ನಿಂತರು.

ತುಂಗಾ ಏನೋ ಕೂಗಿದರು. ಮೋಟಾರಿನ ಸದ್ದಿಗೆ ಬಾಬುವಿಗೆ ಕೇಳಿಸಲಿಲ್ಲ. ಅವನು ಕಿವಿ ತೋರಿಸಿ ತಲೆಯಾಡಿಸಿದ. ದೋಣಿ ಕಲ್ಲಿನ ಒಡ್ಡನ್ನು ದಾಟಿ ಹೊರಗಿನ ನೀರಿಗೆ ಬಿದ್ದು ಒಮ್ಮೆ ಎದ್ದು ಕುಳಿತಿತು. ಆಗ ತುಂಗಾ ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಮೇಲಕ್ಕೆತ್ತಿ ನಾಲ್ಕು ಬೆರಳು ತೋರಿಸಿದರು. ಕೈ ಹಾಗೇ ನಿಂತಿತ್ತು. ಸ್ವಲ್ಪ ದೂರ ಹೋದ ಮೇಲೆ ಒಂದು ಬೆರಳು ಮಡಿಸಿದರು, ದೋಣಿ ನಿಧಾನವಾಯಿತು.