ಬಾಗಿಲ ಮೇಲಿನ ಚೀಟಿ

ತಾನು ಸತ್ತು ಒಂದು ವರ್ಷವಾಯಿತೆಂದು ರಂಗೆಲ್‌ಗೆ ತಿಳಿದದ್ದು ಬಸ್ ನಿಲ್ದಾಣದಲ್ಲಿ. ಕಂಬಕ್ಕೆ ಅಂಟಿಸಿದ್ದ ಪುಣ್ಯತಿಥಿಯ ಚೀಟಿಯಲ್ಲಿ ಅವನ ಫೋಟೋ ಇತ್ತು. 'ನೀವಿಲ್ಲದೆ ಒಂದು ವರ್ಷ. ಪ್ರೊಫೆಸರ್ ರಂಗೆಲ್ ದೋಬ್ರೆವ್. ದುಃಖತಪ್ತ ಕುಟುಂಬ.' ಅಂಟು ಇನ್ನೂ ಹಸಿಯಾಗಿತ್ತು.

ಕುಟುಂಬವೆಂದರೆ ಇನ್ನು ಉಳಿದಿದ್ದವರು ಅತ್ತೆ ಪೆನ್ಕಾ ಒಬ್ಬರೇ. ಫೋನ್ ಮಾಡಿದ.

"ಹೂಂ ಕಣಪ್ಪಾ, ಎಲ್ಲಾ ಕಡೆ ಅಂಟಿಸಿ ಬಂದೆ. ನಿನ್ನ ಮನೆ ಬಾಗಿಲಿಗೂ. ನೀನಂತೂ ಅಂಟಿಸ್ತಿರಲಿಲ್ಲ."

"ಅತ್ತೆ, ಫೋಟೋ ನೋಡಿದ್ರಾ?"

"ಈ ಪೊರೆ ಬಂದ ಕಣ್ಣಲ್ಲಿ ಏನ್ ನೋಡ್ಲಿ? ಅಂಗಡಿಯವನಿಗೆ ಇಬ್ಬರ ಹೆಸರು, ಫೋಟೋ ಎರಡೂ ಕೊಟ್ಟಿದ್ದೆ, ಕಲ್ಲಿಗೂ ಬೇಕಲ್ಲಾ. ಯಾಕೆ, ನಮ್ಮ ನೆವೆನಾ ಚೆನ್ನಾಗಿ ಬಂದಿಲ್ವಾ?"

ಅವನು ಚೀಟಿಯನ್ನೇ ನೋಡಿದ. "ಚೆನ್ನಾಗೇ ಬಂದಿದೆ," ಎಂದ.

ಗಂಡ ಹೆಂಡತಿಗೆ ಒಂದೇ ಸಮಾಧಿ ಕಲ್ಲು. ಬದುಕಿರುವವರ ಹೆಸರನ್ನೂ ಫೋಟೋವನ್ನೂ ಹಾಕಿಸಿ, ಸಾವಿನ ವರ್ಷಕ್ಕೆ ಜಾಗ ಬಿಟ್ಟಿಡುವುದು ಅವರ ಊರು ಪ್ಲೊವ್ಡಿವ್‌ನಲ್ಲಿ ಎಲ್ಲರ ರೂಢಿ. ಹಾಗಾಗಿ ತೀರಿಹೋದ ಹೆಂಡತಿ ನೆವೆನಾಳ ಫೋಟೋ ಜೊತೆ ಅವನದೂ ಹೋಗಿತ್ತು. ಅಂಗಡಿಯವನು ಕೈಗೆ ಸಿಕ್ಕವನನ್ನು ಸಾಯಿಸಿದ್ದ.

ಕಿತ್ತು ಹಾಕಬೇಕೆಂದು ಉಗುರಿನಿಂದ ಮೂಲೆ ಎಬ್ಬಿಸಿದ. ಅಷ್ಟರಲ್ಲಿ ಬಸ್ ಬಂತು. ಎಬ್ಬಿಸಿದ ಮೂಲೆಯನ್ನು ಮತ್ತೆ ಒತ್ತಿ ಅಂಟಿಸಿ ಹತ್ತಿಕೊಂಡ. ಯಾಕೆ ಒತ್ತಿದೆನೆಂದು ಕೂತ ಮೇಲೆ ಯೋಚಿಸಿದ.

ಹೋದ ವರ್ಷ ರಾಜಧಾನಿ ಸೋಫಿಯಾಕ್ಕೆ ಹೋಗಬೇಕಾಗಿದ್ದವನು ಅವನು. ಜ್ವರ ಬಂತು. ಹೆಚ್ಚೇನಲ್ಲ, ಒಂದು ಮಾತ್ರೆಗೆ ಇಳಿಯುವಷ್ಟು. "ಬಿದ್ಕೋ, ನಾನೇ ಹೋಗ್ಬರ್ತೀನಿ," ಎಂದು ನೆವೆನಾ ಕಾರಿನ ಕೀಲಿ ತೆಗೆದುಕೊಂಡಳು. ಹೆದ್ದಾರಿಯಲ್ಲಿ ಲಾರಿ. ಅವನಿಗೆ ಜ್ವರ ಬಾರದ ಜಗತ್ತೊಂದು ಇದ್ದರೆ, ಅಲ್ಲಿ ಈ ಚೀಟಿಯಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ವಾಚನಾಲಯದಲ್ಲಿ ಅವನ ಉಪನ್ಯಾಸವಿತ್ತು: 'ಕಾಲದಲ್ಲಿ ಪ್ರಯಾಣ ಸಾಧ್ಯವೇ?' ಈ ದಿನವನ್ನು ಹೇಗಾದರೂ ನೂಕಬೇಕೆಂದು ಒಪ್ಪಿಕೊಂಡದ್ದು. ಬಾಗಿಲಲ್ಲೇ ಕಾರ್ಯದರ್ಶಿ ಗಾನ್ಚೊ ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

"ಅಯ್ಯೋ ಪ್ರೊಫೆಸರೇ! ವರ್ಷದ ಹಿಂದೆ ಹೋದೋರ್ನ ನಾನು ಹೋದ ವಾರ ತಾನೇ ಕರೆದಿದ್ದು?"

"ಮಾತು ಕೊಟ್ಟಿದ್ನಲ್ಲಾ. ಬಂದೆ."

"ಯಾರಿಗೆ ಬೈಬೇಕು ಹೇಳಿ, ಈಗ್ಲೇ ಕೀಳಿಸ್ತೀನಿ."

"ಬೇಡ, ಇರಲಿ," ಎಂದ ರಂಗೆಲ್. ಗಾನ್ಚೊನ ನಗು ಅರ್ಧಕ್ಕೆ ನಿಂತಿತು.

ಇಷ್ಟು ವರ್ಷ ಹೇಳಿದ್ದನ್ನೇ ಹೇಳಿದ. ಮುಂದಕ್ಕೆ ಹೋಗಬಹುದು, ವೇಗವಾಗಿ ಸಾಗುವವನ ಗಡಿಯಾರ ನಿಧಾನವಾಗುತ್ತದೆ. ಹಿಂದಕ್ಕೆ ಹೋಗುವ ದಾರಿ ಸಮೀಕರಣಗಳಲ್ಲೇನೋ ಇದೆ. ಅದನ್ನು ತೆರೆದಿಡುವುದಕ್ಕೆ ಸೊನ್ನೆಗಿಂತ ಕಡಿಮೆ ಶಕ್ತಿ ರಾಶಿಗಟ್ಟಲೆ ಬೇಕು, ಅದು ಯಾರ ಕೈಗೂ ಸಿಕ್ಕಿಲ್ಲ. ಬೇರೆ ಜಗತ್ತುಗಳು ಇದ್ದರೂ ಇರಬಹುದು. ಕವಲೊಡೆದ ಮೇಲೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ. ತನ್ನ ದನಿ ತನಗೇ ಬೇಸರ ತರಿಸಿತು.

ಮುಂದಿನ ಸಾಲಿನ ಮುದುಕಿಯೊಬ್ಬಳು ಕೈ ಎತ್ತಿದಳು. "ಹಂಗಾದ್ರೆ ಮಗಾ, ನಮ್ಮೋರು ಇನ್ನೊಂದ್ ಕಡೆ ಇದಾರೆ ಅಂತಾಯ್ತಾ?"

"ಇಲ್ಲ ಅನ್ನೋಕಾಗಲ್ಲ, ಅಜ್ಜಿ."

"ನಮ್ಮನ್ನ ನೆನೆಸ್ಕೋತಾರಾ?"

"ಅಲ್ಲಿ ನಾವೂ ಜೊತೇಲಿರ್ತೀವಲ್ಲ. ಯಾಕೆ ನೆನೆಸ್ಕೋತಾರೆ?"

"ಎಲ್ಲಾ ಕಡೇನೂ ಇರ್ತೀವಾ?"

ರಂಗೆಲ್ ನೀರು ಕುಡಿದ. ಲೋಟ ಖಾಲಿಯಾದ ಮೇಲೂ ತುಟಿಯಿಂದ ತೆಗೆಯಲಿಲ್ಲ. "ಇಲ್ಲ," ಎಂದ ಕೊನೆಗೆ. "ಒಂದೊಂದ್ ಕಡೆ ಅವರು ಮಾತ್ರ ಇರ್ತಾರೆ."

"ಪಾಪ," ಎಂದಳು ಮುದುಕಿ. ಯಾರಿಗೆಂದು ಹೇಳಲಿಲ್ಲ.

ಸಂಜೆ ಬಸ್ಸಿಳಿದು ನಡೆದೇ ಮನೆಗೆ ಹೊರಟ. ಬ್ರೆಡ್ಡಿನ ಅಂಗಡಿಯ ಪಕ್ಕ, ದಾರಿಬದಿಯ ಮರಕ್ಕೆ, ಔಷಧಿ ಅಂಗಡಿಯ ಗೋಡೆಗೆ, ಎಲ್ಲೆಲ್ಲೂ ಅವನೇ. ಕೀಳಬಹುದಿತ್ತು. ಪ್ರತಿಯೊಂದರ ಮುಂದೆಯೂ ನಿಂತು ಹೊಸದೆಂಬಂತೆ ಓದಿದ. ಎದುರು ಬಂದ ಹೆಂಗಸೊಬ್ಬಳು ಚೀಟಿಯನ್ನೂ ಅವನನ್ನೂ ನೋಡಿ ರಸ್ತೆ ದಾಟಿ ಆಚೆ ಬದಿಗೆ ಹೋದಳು. ಅವನ ಹೆಜ್ಜೆ ತಾನಾಗಿ ಬಿರುಸಾಯಿತು. ಮೆಟ್ಟಿಲುಗಳನ್ನು ಓಡಿಯೇ ಹತ್ತಿದ.

ಅವನ ಮನೆಯ ಬಾಗಿಲ ಮೇಲೂ ಚೀಟಿ ಇತ್ತು. ಹಿಡಿಕೆಗೆ ಅತ್ತೆ ಚೀಲವೊಂದನ್ನು ತೂಗುಹಾಕಿದ್ದರು. ಒಳಗೆ ತಿಥಿಗೆಂದು ಸಕ್ಕರೆ ಹಾಕಿ ಬೇಯಿಸಿದ ಗೋಧಿ. ಸತ್ತವರ ಹೆಸರಿನಲ್ಲಿ ಬದುಕಿರುವವರು ತಿನ್ನಬೇಕಾದದ್ದು. ಅವನು ಅದನ್ನು ಮುಟ್ಟಲಿಲ್ಲ.

ಕೀಲಿ ಜೇಬಿನಲ್ಲೇ ಇತ್ತು. ತೆಗೆದರೆ, ಬಾಗಿಲು ತೆರೆದರೆ, ಒಳಗೆ ಯಾರೂ ಇಲ್ಲವೆಂಬುದು ಖಾತ್ರಿಯಾಗುತ್ತದೆ. ಇಷ್ಟು ದಿನ ಪ್ರತಿ ಸಂಜೆ ಖಾತ್ರಿ ಮಾಡಿಕೊಂಡಿದ್ದ. ಇವತ್ತು ಆಗುವುದಿಲ್ಲ ಅನ್ನಿಸಿತು. ಅವನಿಗೆ ಅವಳು ಬೇಕಾಗಿದ್ದಳು, ಅಷ್ಟೇ.

ಕರೆಗಂಟೆ ಒತ್ತಿದ.

ಒಳಗೆ ಗಂಟೆ ಸದ್ದಾದದ್ದು ಕೇಳಿಸಿತು. ಇಣುಕುಗಿಂಡಿಯಿಂದ ತನ್ನ ಮುಖ ಸರಿಯಾಗಿ ಕಾಣಲೆಂದು ಒಂದು ಹೆಜ್ಜೆ ಹಿಂದೆ ಸರಿದು ಕೂದಲು ನೀವಿಕೊಂಡ. ಮೆಟ್ಟಿಲ ದೀಪ ತಾನಾಗಿ ಆರಿತು. ಗುಂಡಿ ತಡವಿ ಮತ್ತೆ ಹಾಕಿದ. ಚೀಟಿಯಲ್ಲಿದ್ದವನು ಎಂದಿನಂತೆ ಸ್ವಲ್ಪ ನಗುತ್ತಿದ್ದ.

ಮತ್ತೆ ಒತ್ತಿದ. ದೀಪ ಮತ್ತೆ ಆರಿತು. ಈ ಸಲ ಹಾಕಲು ಹೋಗಲಿಲ್ಲ. ಕತ್ತಲಲ್ಲೇ ಕೋಟು ಸರಿಮಾಡಿಕೊಂಡು ನಿಂತ. ನೆವೆನಾ ಬಾಗಿಲು ತೆಗೆಯುವುದು ಯಾವಾಗಲೂ ಸ್ವಲ್ಪ ತಡವೇ.