ನೀಲಿ ಟೈ ಕಟ್ಟಿದವನು

೨೦೦೫ರಲ್ಲಿ ಬ್ರಿಟನ್ನಿನ ಚುನಾವಣೆ ಬಂದಾಗ, ಫರೀದಾಬಾದಿನ ನಮ್ಮ ಕಾಲೊನಿಯ ಅಧ್ಯಕ್ಷರಾದ ನಿವೃತ್ತ ಕರ್ನಲ್ ಪೊನ್ನಣ್ಣನವರು ಅಲ್ಲಿನ ಪಕ್ಷನಾಯಕರ ಫೋಟೊಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಯಾರು ಹೆಚ್ಚು ಜನಪ್ರಿಯರೆಂದು ನಮ್ಮಿಂದ ವೋಟು ಹಾಕಿಸಿದರು. ಲಂಡನ್ನಿಗೂ ನಮಗೂ ಏನು ಸಂಬಂಧ? ಆದರೆ ಕರ್ನಲ್ಲರಿಗೆ ಎದುರಾಡುವವರು ಯಾರು? ನೀಲಿ ಟೈ ಕಟ್ಟಿದವನು ಗೆದ್ದ.

ಮುಂದಿನ ಭಾನುವಾರ ಕಾಲೊನಿಯದೇ ಚುನಾವಣೆ. ಕರ್ನಲ್ಲರೊಬ್ಬರೇ ಅಭ್ಯರ್ಥಿ, ಆದರೂ ಶಿಸ್ತೆಂದರೆ ಶಿಸ್ತು ಎಂದು ಗುಪ್ತ ಮತದಾನ ಇಟ್ಟರು. ಡಬ್ಬ ತೆರೆದರೆ ಚೀಟಿ ಚೀಟಿಯಲ್ಲೂ ಒಂದೇ ಬರಹ: "ನೀಲಿ ಟೈ ಅಂಗ್ರೇಜ್."

"ಇವರಿಗೆ ಅವನ ಹೆಸರೂ ಗೊತ್ತಿಲ್ಲ!" ಎಂದು ಕರ್ನಲ್ ಗುಡುಗಿದರು.

"ನಂಗೂ ಗೊತ್ತಿಲ್ಲ, ಆದ್ರೂ ಅವನಿಗೇ ಹಾಕ್ದೆ," ಎಂದರು ಹೆಂಡತಿ ಚೋಂದಮ್ಮ. "ಅವನು ಬೆಳಗಾಗೋಕ್ಕೆ ಮುಂಚೆ ವಿಸಿಲ್ ಊದಿ ನಮ್ಮನ್ನೆಲ್ಲ ಎಬ್ಬಿಸಲ್ಲ."